ಕಾವಡಿಯೂ ಹೆಗಲೂ
(ನಮ್ಮ ಸಾಹಿತ್ಯದಲ್ಲಿ ರೋಗಿಯಾದ ಶುಶ್ರೂಷಕ)

ಕಳೆದ ವರ್ಷದ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗೆ ‘ಮಾತಾಪಿತೃ ಸೇವೆ’ ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆಯಿಸಿದ್ದೆವು. ಬಂದ ಪ್ರಬಂಧಗಳೆಲ್ಲವೂ ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿದ್ದವು. ಶ್ರವಣಕುಮಾರನ ಕಾವಡಿಯಿಂದ ಆರಂಭ. ನಾವೆಲ್ಲರೂ ಅವನಂತಾಗಬೇಕೆಂಬುದರಲ್ಲಿ ಮುಕ್ತಾಯ. ಒಬ್ಬ ಹುಡುಗನು ಮಾತ್ರ ಅರ್ಧ ಪುಟ ಬರೆದು ನಿಲ್ಲಿಸಿ, ಕೊನೆಯಲ್ಲಿ ಒಂದು ಪ್ರಶ್ನೆಯನ್ನು ಹಾಕಿದ್ದನು: ಶ್ರವಣನಿಗೇ ಮೈಯಲ್ಲಿ ನೆಟ್ಟಗಿರದಿದ್ದರೆ ಕಾವಡಿಯನ್ನು ಯಾರು ಹೊರುತ್ತಿದ್ದರು? ನಾವು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ವಿಷಯಾಂತರ’ ಎಂದು ಬರೆದು, ಹತ್ತಕ್ಕೆ ನಾಲ್ಕು ಅಂಕಗಳನ್ನು ಕೊಟ್ಟೆವು.

ಅದೇ ವರ್ಷದ ದೀಪಾವಳಿಯ ಹೊತ್ತಿಗೆ ನಮ್ಮ ತಾಯಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ನಿಂತುಹೋದವು, ಮಾತು ಅರ್ಧಕ್ಕಿಳಿಯಿತು. ನಮಗಾದರೋ ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ತಾಯಿಯ ಔಷಧಗಳ ವೇಳೆಯನ್ನು ಗೋಡೆಯ ಮೇಲೆ ಬರೆದು ತೂಗುಹಾಕಿದ್ದೆವು; ನಮ್ಮ ವೇಳೆಯನ್ನು ಎಲ್ಲಿಯೂ ಬರೆದಿರಲಿಲ್ಲ. ಒಂದು ದಿನ ಬೆಳಿಗ್ಗೆ ಅವರನ್ನು ತೊಳೆದು, ಮಗ್ಗುಲು ಬದಲಿಸಿ, ಗಂಜಿ ಕುಡಿಸಿ, ನಮ್ಮ ಮಾತ್ರೆಯನ್ನು ನುಂಗಿ, ಉಣ್ಣುವುದನ್ನು ಮರೆತು ಶಾಲೆಗೆ ಬಂದೆವು. ಮೂರನೆಯ ಪಾಠದ ಹೊತ್ತಿಗೆ ಕೈ ನಡುಗಿ, ಮೈ ಬೆವೆತು, ಕರಿಹಲಗೆಯ ಅಕ್ಷರಗಳು ಅಲುಗಾಡತೊಡಗಿದವು. ಮಾತ್ರೆ ನುಂಗಿ ಅನ್ನ ತಪ್ಪಿಸಿದವನಿಗೆ ರಕ್ತದ ಸಕ್ಕರೆ ಕುಸಿದು ಹೀಗಾಗುವುದುಂಟು. ಹಿಂದಿನ ಸಾಲಿನಿಂದ ಎದ್ದು ಬಂದು, ಬುತ್ತಿಯಲ್ಲಿದ್ದ ಬೆಲ್ಲದ ತುಂಡನ್ನು ನಮ್ಮ ಬಾಯಿಗಿಟ್ಟವನು ಆ ಹುಡುಗನೇ. ಅವನಿಗೆ ಇದೆಲ್ಲ ಹೇಗೆ ಗೊತ್ತೆಂದು ಆಮೇಲೆ ವಿಚಾರಿಸಿದೆವು. ಅವನ ತಂದೆ ಎರಡು ವರ್ಷಗಳಿಂದ ಹಾಸಿಗೆ ಹಿಡಿದಿದ್ದಾರೆ. ಹುಡುಗನಿಗೂ ಉಬ್ಬಸದ ತೊಂದರೆಯಿದೆ. ಪ್ರಬಂಧದ ಪ್ರಶ್ನೆಯು ವಿಷಯಾಂತರವಾಗಿರಲಿಲ್ಲ. ಮೂವತ್ತು ಪ್ರಬಂಧಗಳಲ್ಲಿ ವಿಷಯವನ್ನು ಮುಟ್ಟಿದ್ದು ಅದೊಂದೇ ಆಗಿದ್ದಿತು.

ಅಂಕಗಳನ್ನು ತಿದ್ದುವ ಕಾಲ ಮೀರಿತು. ಪ್ರಶ್ನೆಯನ್ನಾದರೂ ಅದಕ್ಕೆ ಸಲ್ಲತಕ್ಕ ಗೌರವದಿಂದ ವಿಚಾರಿಸಬೇಕೆಂಬುದು ಈ ಲೇಖನದ ಉದ್ದೇಶ. ತಂದೆತಾಯಿಗಳ ಸೇವೆಯನ್ನು ಕುರಿತು ನಮ್ಮ ಸಾಹಿತ್ಯವು ಬಹಳವಾಗಿ ಮಾತನಾಡಿದೆ. ಆದರೆ ಸೇವೆ ಮಾಡುವವನಿಗೂ ಒಂದು ದೇಹವಿದೆ, ಆ ದೇಹಕ್ಕೂ ರೋಗವುಂಟೆಂಬುದನ್ನು ಅದು ಕಂಡಿದೆಯೇ? ಕಂಡಿದ್ದರೆ ಎಲ್ಲಿ, ಹೇಗೆ? ನಾಲ್ಕು ಕಡೆಗಳಲ್ಲಿ ಇದನ್ನು ಪರೀಕ್ಷಿಸೋಣ.

೧

ಮೊದಲು ಶ್ರವಣನ ಕಥೆ. ಇದು ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಬರುವುದು. ರಾಮನನ್ನು ಕಾಡಿಗೆ ಕಳುಹಿಸಿದ ದಶರಥನು ತನ್ನ ಕೊನೆಯ ರಾತ್ರಿಯಲ್ಲಿ ಕೌಸಲ್ಯೆಗೆ ತನ್ನ ಹಳೆಯ ಪಾಪವನ್ನು ಹೇಳಿಕೊಳ್ಳುವನು. ಅಲ್ಲಿ ಆ ತರುಣನಿಗೆ ಹೆಸರೂ ಇಲ್ಲ, ಹೆಗಲ ಮೇಲೆ ಕಾವಡಿಯೂ ಇಲ್ಲ. ನೀರು ತರಲು ನದಿಗೆ ಬಂದವನನ್ನು, ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಭ್ರಮಿಸಿದ ದಶರಥನ ಬಾಣವು ಕೆಡಹುವುದು. ಹೆಸರು, ಕಾವಡಿ, ತೀರ್ಥಯಾತ್ರೆ ಇವೆಲ್ಲವೂ ಜನರ ಬಾಯಲ್ಲಿ ಕಥೆ ಬೆಳೆದಾಗ ಕೂಡಿಕೊಂಡವು. ಬೆಳೆದ ಕಥೆಯಲ್ಲಿ ನಮ್ಮ ಕಣ್ಣು ಕಾವಡಿಯ ಮೇಲೆ ನಿಲ್ಲುವುದು. ಎರಡು ತಟ್ಟೆಗಳು, ಎರಡು ಮುದಿ ಜೀವಗಳು, ನಡುವೆ ಒಂದು ಬಿದಿರು. ಬಿದಿರಿನ ಕೆಳಗಿರುವ ಹೆಗಲನ್ನು ಮಾತ್ರ ಯಾರೂ ನೋಡುವುದಿಲ್ಲ. ಚಿತ್ರಗಳಲ್ಲಿ ಅದು ಎಂದಿಗೂ ಬಾಗದ, ಬೆವರದ ಹೆಗಲು.

ಆದರೆ ಮೂಲದ ಕಥೆಯನ್ನು ಎಚ್ಚರದಿಂದ ಓದಿದರೆ ಬೇರೊಂದು ಅಂಶವು ಕಾಣುವುದು. ಬಾಣ ತಾಗಿ ಬಿದ್ದ ತರುಣನು ತನ್ನ ಸಾವಿಗಾಗಿ ಅಷ್ಟು ಅಳುವುದಿಲ್ಲ. ತಾನು ಬಹುಕಾಲದಿಂದ ಸಾಕುತ್ತಿದ್ದ ಕುರುಡು ಮುದುಕರನ್ನು ಇನ್ನು ಯಾರು ನೋಡುವರೆಂದು ಅಳುವನು. ಆ ಪ್ರಶ್ನೆಗೆ ಉತ್ತರವಿಲ್ಲ. ಉತ್ತರವಿಲ್ಲದೆ ಹೋದುದರಿಂದಲೇ ತಂದೆತಾಯಿಗಳಿಬ್ಬರೂ ಮಗನ ಚಿತೆಯನ್ನೇರುವರು. ಒಂದು ಬಾಣಕ್ಕೆ ಮೂರು ಸಾವು. ನಾವು ಇದನ್ನು ಮಗನ ಭಕ್ತಿಯ ಕಥೆಯೆಂದು ಕಲಿಸುತ್ತ ಬಂದಿದ್ದೇವೆ. ಭಕ್ತಿಯ ಕಥೆ ಹೌದು. ಆದರೆ ಎರಡು ಜೀವಗಳ ಭಾರವೆಲ್ಲವೂ ಒಂದೇ ದೇಹದ ಮೇಲೆ ನಿಂತಾಗ ಏನಾಗುವುದೆಂಬುದರ ಕಥೆಯೂ ಹೌದು. ಬಾಣದ ಬದಲು ಜ್ವರ ಬಂದಿದ್ದರೂ ಫಲವು ಹೆಚ್ಚು ಬೇರೆಯಾಗುತ್ತಿರಲಿಲ್ಲ. ಆ ಹುಡುಗನು ಕೇಳಿದ ಪ್ರಶ್ನೆಯನ್ನು ಸಾಯುವ ತರುಣನೇ ಕೇಳಿದ್ದನು. ಕಾವಡಿಯನ್ನು ನೋಡುತ್ತ ನಿಂತ ನಮಗೆ ಅದು ಕೇಳಿಸಲಿಲ್ಲ.

೨

ಎರಡನೆಯದು ಪೂರುವಿನ ಕಥೆ. ಶ್ರವಣನದು ತಂದೆತಾಯಿಗಳನ್ನು ಹೊರುವ ಸೇವೆಯಾದರೆ, ಪೂರುವಿನದು ತಂದೆಯ ಮುಪ್ಪನ್ನೇ ತನ್ನ ಮೈಗೆ ತೆಗೆದುಕೊಳ್ಳುವ ಸೇವೆ. ಶುಕ್ರಾಚಾರ್ಯನ ಶಾಪದಿಂದ ಅಕಾಲದಲ್ಲಿ ಮುದುಕನಾದ ಯಯಾತಿಯು ತನ್ನ ಐವರು ಮಕ್ಕಳನ್ನು ಕರೆದು, ಮುಪ್ಪನ್ನು ತೆಗೆದುಕೊಂಡು ಯೌವನವನ್ನು ಕೊಡಿರೆಂದು ಬೇಡುವನು. ಯದು, ತುರ್ವಸು, ದ್ರುಹ್ಯು, ಅನು ಈ ನಾಲ್ವರು ಒಲ್ಲೆನೆಂದು ಶಾಪಕ್ಕೆ ಗುರಿಯಾಗುವರು; ಕಿರಿಯವನಾದ ಪೂರು ಒಪ್ಪಿ ರಾಜ್ಯವನ್ನು ಪಡೆಯುವನು.

ಮಹಾಭಾರತದ ಆದಿಪರ್ವದಲ್ಲಿ ಬರುವ ಈ ಪ್ರಸಂಗದಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಒಲ್ಲೆನೆಂದ ನಾಲ್ವರೂ ಕಾರಣ ಹೇಳುವರು. ಮುಪ್ಪಿನಲ್ಲಿ ಉಣಿಸುತಿನಿಸಿನ ತೊಡಕುಗಳು ಬಹಳವೆಂದು ಒಬ್ಬನು. ಬಲವೂ ರೂಪವೂ ಬುದ್ಧಿಯೂ ಹೋಗುವುವೆಂದು ಇನ್ನೊಬ್ಬನು. ಕುದುರೆ ರಥಗಳನ್ನು ಏರಲಾಗದು, ಮಾತು ತೊದಲುವುದೆಂದು ಮತ್ತೊಬ್ಬನು. ಮುದುಕನು ಮಗುವಿನಂತೆ ಹೊತ್ತಲ್ಲದ ಹೊತ್ತಿನಲ್ಲಿ, ಶುಚಿಯಿಲ್ಲದೆ ಉಣ್ಣುವನೆಂದು ಕೊನೆಯವನು. ಶಯ್ಯಾಗತರಾದವರನ್ನು ನೋಡಿಕೊಂಡವರಿಗೆ ಈ ಪಟ್ಟಿಯಲ್ಲಿ ಒಂದಾದರೂ ಸುಳ್ಳು ಕಾಣದು. ರೋಗವನ್ನು ಇದ್ದಂತೆ ವರ್ಣಿಸಿದವರು ನಿರಾಕರಿಸಿದ ಮಕ್ಕಳು. ಒಪ್ಪಿದವನು ಏನನ್ನೂ ವರ್ಣಿಸದೆ ಆಗಲಿ ಎಂದುಬಿಡುವನು. ನಮ್ಮ ಪರಂಪರೆಯ ಒಂದು ದೋಷದ ಬೇರು ಇಲ್ಲಿದೆಯೆಂದು ನಮಗೆ ತೋರುವುದು. ಶುಶ್ರೂಷೆಯ ಕಷ್ಟವನ್ನು ಬಾಯಿಬಿಟ್ಟು ಹೇಳಿದವನು ಶುಶ್ರೂಷೆಗೆ ಒಲ್ಲದವನು ಎಂದು ಅಂದಿನಿಂದ ನಾವು ತಿಳಿದಿದ್ದೇವೆ. ಕಷ್ಟವನ್ನು ಹೇಳುತ್ತಲೇ ಸೇವೆಯನ್ನೂ ಮಾಡುವ ಆರನೆಯ ಮಗನಿಗೆ ಆ ಕಥೆಯಲ್ಲಿ ಸ್ಥಾನವಿಲ್ಲ. ನಮ್ಮ ಮನೆಗಳಲ್ಲಿರುವವರಾದರೋ ಹೆಚ್ಚಾಗಿ ಆ ಆರನೆಯವರೇ.

ಈ ಕೊರತೆಯನ್ನು ಆಧುನಿಕ ಕನ್ನಡವು ತುಂಬಿಕೊಟ್ಟಿತು. ಗಿರೀಶ ಕಾರ್ನಾಡರ ‘ಯಯಾತಿ’ ನಾಟಕವು ಧಾರವಾಡದ ಮನೋಹರ ಗ್ರಂಥಮಾಲೆಯಿಂದ 1961ರಲ್ಲಿ ಪ್ರಕಟವಾಯಿತು. 1938ರಲ್ಲಿ ಹುಟ್ಟಿದ ಕಾರ್ನಾಡರು ಆಗ ಇನ್ನೂ ಇಪ್ಪತ್ತಮೂರರ ತರುಣರು. ವಿದ್ಯಾಭ್ಯಾಸಕ್ಕಾಗಿ ಆಕ್ಸ್‌ಫರ್ಡಿಗೆ ಹೊರಡುವ ಕಾಲದಲ್ಲಿ, ಮನೆಯವರ ನಿರೀಕ್ಷೆಗಳು ತಮ್ಮ ಮೇಲೆ ಭಾರವಾಗಿ ಬಿದ್ದಿದ್ದಾಗ ಇದು ಹುಟ್ಟಿತೆಂದು ಅವರೇ ಹೇಳಿಕೊಂಡಿರುವರು. ನಾಟಕಕಾರರು ಹಳೆಯ ಕಥೆಗೆ ಒಂದು ಹೊಸ ಪಾತ್ರವನ್ನು ಸೇರಿಸಿದರು. ಪೂರುವಿನ ಹೆಂಡತಿಯಾದ ಚಿತ್ರಲೇಖೆಯೇ ಆ ಪಾತ್ರ. ಗಂಡನು ತಂದೆಯ ಮುಪ್ಪನ್ನು ಹೊತ್ತು ಮುದುಕನಾಗಿ ಬಂದಾಗ ಅವಳು ಬೆಚ್ಚುವಳು. ತನ್ನ ಗಂಡನ ಯೌವನವನ್ನು ತೆಗೆದುಕೊಂಡ ಯಯಾತಿಯು ತನ್ನನ್ನೂ ಸ್ವೀಕರಿಸಬೇಕೆಂದು ನೇರವಾಗಿ ವಾದಿಸುವಳು. ಕೊನೆಗೆ ವಿಷವನ್ನು ಕುಡಿದು ಸಾಯುವಳು. ಆಗ ಯಯಾತಿಯು ತನ್ನ ಮುಪ್ಪನ್ನು ಹಿಂದಕ್ಕೆ ತೆಗೆದುಕೊಳ್ಳುವನು.

ಈ ನಾಟಕವನ್ನು ಅಸ್ತಿತ್ವವಾದದ ದೃಷ್ಟಿಯಿಂದಲೂ ತಂದೆಮಕ್ಕಳ ಅಧಿಕಾರದ ದೃಷ್ಟಿಯಿಂದಲೂ ವಿಮರ್ಶಕರು ಸಾಕಷ್ಟು ವಿವೇಚಿಸಿರುವರು. ನಮ್ಮ ವಿಷಯಕ್ಕೆ ಬೇಕಾದುದು ಇಷ್ಟೇ. ತ್ಯಾಗ ಮಾಡುವವನ ದೇಹವು ಅವನೊಬ್ಬನ ಸೊತ್ತಲ್ಲವೆಂಬ ಸತ್ಯವನ್ನು ಕಾರ್ನಾಡರು ರಂಗದ ಮೇಲೆ ನಿಲ್ಲಿಸಿದರು. ಪೂರುವು ತನ್ನ ಆರೋಗ್ಯವನ್ನು ದಾನ ಮಾಡಿದಾಗ ಚಿತ್ರಲೇಖೆಯದನ್ನೂ ಅವಳನ್ನು ಕೇಳದೆಯೇ ದಾನ ಮಾಡಿದ್ದನು. ತಾಯಿಯ ಸೇವೆಯಲ್ಲಿ ಅನ್ನವನ್ನೂ ನಿದ್ರೆಯನ್ನೂ ಮರೆತು ನಾವು ಕುಸಿದಾಗ ಅದರ ಬೆಲೆಯನ್ನು ತೆತ್ತವರು ನಾವೊಬ್ಬರೇ ಅಲ್ಲ. ಮನೆಯಲ್ಲಿ ಹೆಂಡತಿಯೂ ತರಗತಿಯಲ್ಲಿ ಮೂವತ್ತು ಮಕ್ಕಳೂ ತೆತ್ತರು. ಎಲ್ಲಕ್ಕಿಂತ ಹೆಚ್ಚಾಗಿ, ಎರಡು ದಿನ ಯಾರ ಕೈಯಿಂದ ಉಣ್ಣಬೇಕೆಂದು ತಿಳಿಯದೆ ಮಲಗಿದ್ದ ತಾಯಿಯೇ ತೆತ್ತರು.

ಆದರೂ ಒಂದು ಮಾತನ್ನು ಹೇಳಬೇಕು. ಕಾರ್ನಾಡರ ಯಯಾತಿಯು ಭೋಗಕ್ಕಾಗಿ ಯೌವನವನ್ನು ಬೇಡುವವನು. ನಮ್ಮ ಮನೆಗಳ ತಂದೆತಾಯಿಗಳು ಏನನ್ನೂ ಬೇಡರು. ಬೇಡುವ ತಂದೆಯನ್ನು ಪ್ರಶ್ನಿಸುವುದು ಸುಲಭ. ನಿನಗೆ ತೊಂದರೆಯಾಯಿತು ಎಂದು ಕಣ್ಣೀರು ತೆಗೆಯುವ ತಾಯಿಯ ಎದುರಿನಲ್ಲಿ ನನಗೂ ನೋವಿದೆ ಎನ್ನುವುದು ಕಠಿನ. ಈ ಕಾಠಿನ್ಯಕ್ಕೆ ನಾಟಕವು ಕೈ ಹಾಕುವುದಿಲ್ಲ. ಅದು ನಾಟಕದ ದೋಷವಲ್ಲ, ಮೇರೆ.

೩

ಹೀಗಾದರೆ ಶುಶ್ರೂಷಕನ ದೇಹವನ್ನು ಲೆಕ್ಕಕ್ಕೆ ಹಿಡಿದ ಗ್ರಂಥವು ನಮ್ಮ ಹಳೆಯ ಪರಂಪರೆಯಲ್ಲಿ ಇಲ್ಲವೇ ಇಲ್ಲವೇ? ಉಂಟು, ಅದೂ ನಮ್ಮ ಮನೆಯ ಅಂಗಳದಲ್ಲೇ. ತಾಂಡೂರಿನ ಮಗ್ಗುಲಲ್ಲಿ ಹರಿಯುವ ಕಾಗಿಣಾ ನದಿಯು ಮುಂದೆ ಸೇಡಮಿನ ಸೀಮೆಯನ್ನು ಹೊಕ್ಕು, ಮಳಖೇಡದ ಕೋಟೆಯನ್ನು ಮುಟ್ಟಿ, ಭೀಮೆಯನ್ನು ಸೇರುವುದು. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ವು ರಚಿತವಾದ ರಾಜಧಾನಿ. ಆ ರಾಷ್ಟ್ರಕೂಟರ ಕಾಲದ ಜೈನ ವಾತಾವರಣಕ್ಕೆ ಸೇರಿದ ಗದ್ಯಗ್ರಂಥ ‘ವಡ್ಡಾರಾಧನೆ’. 10ನೆಯ ಶತಮಾನದ್ದೆಂದು ವಿದ್ವಾಂಸರಲ್ಲಿ ಹಲವರ ಮತ. ಡಿ. ಎಲ್. ನರಸಿಂಹಾಚಾರ್ಯರ ಸಂಪಾದನೆಯಿಂದ ಇದು ಕನ್ನಡಿಗರ ಕೈಗೆ ಸುಲಭವಾಗಿ ದೊರೆಯಿತು. ಅದರಲ್ಲಿ 19 ಕಥೆಗಳಿವೆ. ಪ್ರತಿಯೊಂದು ಕಥೆಯೂ ಪ್ರಾಕೃತದ ಒಂದು ಗಾಹೆಯಿಂದ ಮೊದಲಾಗುವುದು. ಈ ಗಾಹೆಗಳ ಮೂಲ ಶಿವಾರ್ಯನ ‘ಭಗವತೀ ಆರಾಧನಾ’. ಅದರ ‘ಕವಚ’ವೆಂಬ ಭಾಗಕ್ಕೆ ಇವು ಸೇರಿದವು. ಸಾವಿನ ಹಾಸಿಗೆಯ ಮೇಲಿರುವವನ ಧೈರ್ಯಕ್ಕೆ ಕಥೆಗಳನ್ನು ಕವಚವಾಗಿ ತೊಡಿಸುವುದೆಂಬ ಅರ್ಥದಲ್ಲಿ ಆ ಹೆಸರು ಬಂದಿದೆ.

ಈ ಕಥೆಗಳಲ್ಲಿ ಸನತ್ಕುಮಾರ ಚಕ್ರವರ್ತಿಯದು ರೋಗಿಯ ಕಥೆ. ಮಹಾರೂಪವಂತನಾದ ಅವನು ರೂಪದ ಅನಿತ್ಯತೆಯನ್ನು ಕಂಡು ತಪಸ್ಸಿಗೆ ಹೋಗಿ, ಮೈತುಂಬ ರೋಗಗಳು ಮುತ್ತಿದರೂ ಔಷಧವನ್ನು ಒಲ್ಲದೆ ಸಹಿಸುವನು. ಮಹತ್ತಾದ ಸಹನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಎಲ್ಲವನ್ನೂ ಬಿಟ್ಟ ಯತಿಯ ಸಹನೆ. ಮನೆಯಲ್ಲಿ ರೋಗಿಯನ್ನಿಟ್ಟುಕೊಂಡ ಸಂಸಾರಿಯು ತನ್ನ ಔಷಧವನ್ನು ಬಿಡುವುದಕ್ಕೆ ಇದನ್ನು ಆಧಾರ ಮಾಡಿಕೊಂಡರೆ ಅದು ಕಥೆಗೂ ಅಪಚಾರ, ರೋಗಿಗೂ ಅಪಚಾರ.

ನಮಗೆ ಬೇಕಾದ ಬೆಳಕು ಮೂಲಗ್ರಂಥದ ಇನ್ನೊಂದು ಭಾಗದಲ್ಲಿದೆ. ಸಲ್ಲೇಖನವನ್ನು ಕೈಕೊಂಡು ಮಲಗಿದ ಮುನಿಗೆ ಸೇವೆ ಮಾಡುವವರನ್ನು ಆ ಗ್ರಂಥವು ನಿರ್ಯಾಪಕರೆಂದು ಕರೆಯುವುದು. ಇಂತಹವರು 48 ಮಂದಿ ಇರಬೇಕೆಂದು ಅದರ ವಿಧಿ. ನಾಲ್ಕು ನಾಲ್ಕು ಮಂದಿಗೆ ಒಂದೊಂದು ಕೆಲಸ. ಮೈಯನ್ನು ಹಿಡಿದು ಎಬ್ಬಿಸಿ ಮಲಗಿಸಿ ಮಗ್ಗುಲು ಬದಲಿಸುವುದಕ್ಕೆ ನಾಲ್ವರು, ಆಹಾರವನ್ನು ತರುವುದಕ್ಕೆ ನಾಲ್ವರು, ಪಾನೀಯಕ್ಕೆ ನಾಲ್ವರು, ಮಲಮೂತ್ರಗಳನ್ನು ತೆಗೆದು ಹಾಸಿಗೆಯನ್ನು ಶುಚಿಮಾಡುವುದಕ್ಕೆ ನಾಲ್ವರು, ಬಾಗಿಲನ್ನು ಕಾಯುವುದಕ್ಕೆ ನಾಲ್ವರು, ರಾತ್ರಿ ಎಚ್ಚರವಾಗಿರುವುದಕ್ಕೆ ನಾಲ್ವರು, ಧರ್ಮಕಥೆಯನ್ನು ಹೇಳುವುದಕ್ಕೆ ನಾಲ್ವರು. ಹೀಗೆಯೇ ಉಳಿದ ಕೆಲಸಗಳು. ಅಷ್ಟು ಜನ ಸಿಗದ ಕಾಲದಲ್ಲಿ ಸಂಖ್ಯೆಯನ್ನು ಇಳಿಸುತ್ತ ಬರಬಹುದು. ಆದರೆ ಎಂತಹ ಕೆಟ್ಟ ಕಾಲದಲ್ಲಿಯೂ ಇಬ್ಬರಿಗಿಂತ ಕಡಿಮೆ ಕೂಡದು. ಒಬ್ಬನೇ ಆದರೆ ಏನಾಗುವುದೆಂಬುದಕ್ಕೂ ಗ್ರಂಥವು ಕಾರಣವನ್ನು ಕೊಡುವುದು: ಆ ಒಬ್ಬನು ತನ್ನನ್ನೂ ಕೈಬಿಟ್ಟಂತೆ, ರೋಗಿಯನ್ನೂ ಕೈಬಿಟ್ಟಂತೆ, ಧರ್ಮವನ್ನೂ ಕೈಬಿಟ್ಟಂತೆ.

ಸಾವಿರ ವರ್ಷಗಳಿಗೂ ಹಳೆಯದಾದ ಈ ವಿಧಿಯ ತಿರುಳನ್ನು ಓದಿ ನಾವು ಬಹಳ ಹೊತ್ತು ಪುಸ್ತಕವನ್ನು ಮುಚ್ಚಿಟ್ಟು ಕುಳಿತೆವು. ಮೂರು ನಷ್ಟಗಳಲ್ಲಿ ಮೊದಲು ಎಣಿಸಿದುದು ಸೇವಕನ ನಷ್ಟವನ್ನು. ಅವನು ತನ್ನನ್ನು ಕೈಬಿಟ್ಟರೆ ಉಳಿದೆರಡೂ ತಾವಾಗಿ ಹಿಂಬಾಲಿಸುವುವು. ಶ್ರವಣನ ಕಥೆಯಲ್ಲಿ ನಡೆದುದೂ ಇದೇ. ಅಲ್ಲಿ ಕಥೆಯಾಗಿ ಬಂದುದು ಇಲ್ಲಿ ನಿಯಮವಾಗಿ ಬಂದಿದೆ.

ಇದು ವಿರಕ್ತರ ಸಂಘಕ್ಕೆ ಹೇಳಿದ ಮಾತೆಂದೂ, ಸಂಸಾರವನ್ನು ಬಿಟ್ಟವರ ನಿಯಮವನ್ನು ಸಂಸಾರಕ್ಕೆ ಅನ್ವಯಿಸಬಾರದೆಂದೂ ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಮುನಿಯು ಸಾವನ್ನು ವ್ರತವಾಗಿ ಸ್ವೀಕರಿಸಿದವನು. ನಮ್ಮ ತಾಯಿ ಬದುಕಬೇಕೆಂದು ಬಯಸುವವರು. ಮುನಿಗೆ ಸಂಘವಿದೆ, ಸಂಸಾರಿಗೆ ನೆರೆಹೊರೆ ಮಾತ್ರ. ಆದರೆ ಮಲಗಿದ ದೇಹದ ಅಗತ್ಯಗಳು ಮುನಿಗೂ ತಾಯಿಗೂ ಒಂದೇ. ಎತ್ತುವ ತೋಳು ದಣಿಯುವುದೂ ಎರಡೂ ಕಡೆ ಒಂದೇ. ಸೇವೆಯನ್ನು ಒಬ್ಬನ ಗುಣವೆಂದು ಹೊಗಳದೆ ಹಲವರ ಕೆಲಸವೆಂದು ಹಂಚಿದುದೇ ಆ ಗ್ರಂಥದ ವಿವೇಕ. ಆ ವಿವೇಕಕ್ಕೆ ವಿರಕ್ತ ಸಂಸಾರಿಗಳೆಂಬ ಭೇದವಿಲ್ಲ.

೪

ನಾಲ್ಕನೆಯದು ಕಾದಂಬರಿ. ಕೋಟ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಪ್ರಕಟವಾದುದು 1940ರ ದಶಕದ ಆರಂಭದಲ್ಲಿ. ಕಡಲ ಕರೆಯ ಕೋಡಿ ಗ್ರಾಮದಲ್ಲಿ ಐತಾಳರ ಮನೆತನದ ಮೂರು ತಲೆಮಾರುಗಳು ಬಾಳುವ ಕಥೆಯದು. ನಮ್ಮ ಬಯಲುಸೀಮೆಯ ಮಕ್ಕಳಿಗೆ ಆ ಮಳೆಯೂ ಆ ಉಪ್ಪುನೀರೂ ಅಪರಿಚಿತ. ಆದರೂ ನಾಗವೇಣಿಯು ಅವರಿಗೆ ಅಪರಿಚಿತಳಾಗಲಾರಳು. ಗಂಡನಾದ ಲಚ್ಚನ ದುರ್ನಡತೆಯಿಂದ ಬಂದ ರೋಗವು ಯಾವ ತಪ್ಪನ್ನೂ ಮಾಡದ ಅವಳ ಮೈಗೂ ಹತ್ತುವುದು. ಆ ಮೈಯನ್ನು ಹೊತ್ತುಕೊಂಡೇ ಅವಳು ಮುದುಕರಾದ ಹಿರಿಯರಿರುವ ಮನೆಯಲ್ಲಿ ಸೊಸೆಯಾಗಿ ಬಾಳುವಳು. ಮಗನಿಗಿಂತ ಸೊಸೆಯನ್ನೇ ನಂಬಿ ಮಾವನಾದ ರಾಮ ಐತಾಳರು ಆಸ್ತಿಯನ್ನು ಅವಳ ಹೆಸರಿಗೆ ಬರೆಯುವರು.

ಕಾರಂತರು ಅವಳನ್ನು ದೇವಿಯನ್ನಾಗಿ ಮಾಡುವುದಿಲ್ಲ. ಅವಳು ಕುಗ್ಗುವಳು, ಅಳುವಳು. ಪಿಟೀಲನ್ನು ಹಿಡಿದು ತನ್ನ ಪಾಡಿಗೆ ತಾನು ಸಮಾಧಾನ ಪಡೆಯುವಳು. ಈ ಪಿಟೀಲಿನ ವಿಷಯವು ಸಣ್ಣದೆಂದು ತಳ್ಳಬಾರದು. ಶ್ರವಣನಿಗೆ ತನ್ನದೆಂಬ ಒಂದು ಗಳಿಗೆಯಿಲ್ಲ. ಪೂರುವಿಗೆ ತನ್ನದೆಂಬ ಮೈಯೇ ಉಳಿಯಲಿಲ್ಲ. ನಾಗವೇಣಿಗೆ ಮಾತ್ರ ತನ್ನದೆಂಬ ಒಂದು ಮೂಲೆಯನ್ನು ಕಾದಂಬರಿಕಾರರು ಬಿಟ್ಟುಕೊಟ್ಟಿರುವರು. ಆ ಮನೆಯಲ್ಲಿ ಆರೈಕೆಯು ಒಂದೇ ದಿಕ್ಕಿಗೆ ಹರಿಯುವುದೂ ಇಲ್ಲ. ಹಿರಿಯಳೂ ವಿಧವೆಯೂ ಆದ ಸರಸೋತಿಯು ನೊಂದ ಸೊಸೆಗೆ ಆಸರೆಯಾಗುವಳು. ಯಾರು ರೋಗಿ, ಯಾರು ಶುಶ್ರೂಷಕಿ ಎಂದು ಗೆರೆ ಎಳೆದು ಹೇಳುವಂತಿಲ್ಲ. ಇದ್ದ ಬಲವು ಇಲ್ಲದವರ ಕಡೆಗೆ ಹರಿಯುವುದು, ಅಷ್ಟೇ. ನಮ್ಮ ಅಲ್ಪಮತಿಗೆ ತೋರುವಂತೆ, ಆ ಹುಡುಗನ ಪ್ರಶ್ನೆಗೆ ಕನ್ನಡ ಕಾದಂಬರಿಯು ಕೊಟ್ಟ ಉತ್ತರವು ಇದಕ್ಕೆ ಸಮೀಪವಾದುದು. ಕಾವಡಿಯನ್ನು ಯಾರು ಹೊರುತ್ತಿದ್ದರು? ಒಬ್ಬರಾದ ಮೇಲೊಬ್ಬರು ಹೆಗಲು ಬದಲಿಸುತ್ತಿದ್ದರು.

೫

ಇನ್ನು ನಮ್ಮ ಸೀಮೆಯ ಮಾತು. ಜಹೀರಾಬಾದು, ನಾರಾಯಣಖೇಡಗಳು ಬೀದರ ಜಿಲ್ಲೆಗೂ ತಾಂಡೂರು ಕಲಬುರ್ಗಿ ಜಿಲ್ಲೆಗೂ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಇವು ಆಂಧ್ರಪ್ರದೇಶಕ್ಕೆ ಬಂದವು. 2014ರಿಂದ ತೆಲಂಗಾಣದಲ್ಲಿವೆ, ಈಗ ಮೊದಲೆರಡು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದು ಜಿಲ್ಲೆಗೂ ಸೇರಿವೆ. ಗಡಿಯಿಂದ ಆಡಳಿತಕ್ಕೆ ಆದ ಬದಲಾವಣೆಯನ್ನು ಎಲ್ಲರೂ ಬಲ್ಲರು. ರೋಗಿಯ ಹಾಸಿಗೆಯ ಬಳಿ ಅದು ಏನು ಮಾಡುವುದೆಂಬುದನ್ನು ಸೇವೆ ಮಾಡಿದವರೇ ಬಲ್ಲರು. ನಮ್ಮ ತಾಯಿಗೆ ಉಳಿದುದು ಅರ್ಧ ಮಾತು. ಅದೂ ನಮ್ಮ ಹಳ್ಳಿಯ ಕನ್ನಡದಲ್ಲಿ. ವೈದ್ಯರು ಕೇಳುವುದು ತೆಲುಗಿನಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ. ಪಕ್ಕದ ಹಾಸಿಗೆಯವರು ಧೈರ್ಯ ಹೇಳುವುದು ಉರ್ದುವಿನಲ್ಲಿ. ನೋವು ಉರಿಯೋ, ಸೆಳೆತವೋ, ಜುಮುಗುಟ್ಟುವುದೋ, ಚುಚ್ಚುವುದೋ ಎಂಬುದನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತಪ್ಪದೆ ದಾಟಿಸುವುದೂ ಸೇವೆಯ ಒಂದು ಭಾಗವೇ. ಶಿವಾರ್ಯನ 48 ಮಂದಿಯಲ್ಲಿ ದುಭಾಷಿಗಳಿಲ್ಲ. ನಮ್ಮ ಗಡಿಯಲ್ಲಿ ಆ ನಾಲ್ವರನ್ನೂ ಸೇರಿಸಬೇಕು. ಈ ಕೆಲಸವನ್ನು ನಮ್ಮ ಮನೆಗಳಲ್ಲಿ ಅನೇಕ ವೇಳೆ ಮಾಡುವವರು ಶಾಲೆಯಲ್ಲಿ ಎರಡು ಮೂರು ಭಾಷೆಗಳನ್ನು ಕಲಿತ ಮಕ್ಕಳು.

ಸಕ್ಕರೆ ಕಾಯಿಲೆಯಂತಹ ಬಹುಕಾಲದ ರೋಗಗಳು ಈಗ ಯಾರೋ ಕೆಲವರಿಗೆ ಬರುವಂತಹವಲ್ಲ. ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದ ಸಮೀಕ್ಷೆಯೊಂದು 2023ರಲ್ಲಿ ಪ್ರಕಟಿಸಿತು. ಅಂದ ಮೇಲೆ ರೋಗಿಯನ್ನು ರೋಗಿಯೇ ನೋಡಿಕೊಳ್ಳುವ ಮನೆಗಳು ಊರೂರಲ್ಲಿಯೂ ಇರಲೇಬೇಕು. ಮಕ್ಕಳು ತಂದೆತಾಯಿಗಳನ್ನು ಪೋಷಿಸತಕ್ಕದ್ದೆಂದು 2007ರಲ್ಲಿ ಶಾಸನವೂ ಆಗಿದೆ. ಕೈಬಿಟ್ಟ ಮಕ್ಕಳಿರುವ ಕಾಲದಲ್ಲಿ ಅದು ಬೇಕಾದುದೇ. ಆದರೆ ಶಾಸನವು ಕರ್ತವ್ಯವನ್ನು ವಿಧಿಸಬಲ್ಲುದು, ಹೆಗಲನ್ನು ಒದಗಿಸಲಾರದು. ಹೆಗಲಿನ ಮಾತನ್ನು ಸಾಹಿತ್ಯವೂ ಶಾಲೆಯೂ ಆಡಬೇಕು.

ಅಧ್ಯಾಪಕ ಬಂಧುಗಳಲ್ಲಿ ನಮ್ಮ ವಿಜ್ಞಾಪನೆಯಿದು. ಶ್ರವಣನ ಪಾಠವನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಸೇವೆಯ ಆದರ್ಶವಿಲ್ಲದ ಶಾಲೆಯು ಶಾಲೆಯಲ್ಲ. ಆದರೆ ಪಾಠದ ಕೊನೆಯಲ್ಲಿ ಅವನಂತಾಗಿರಿ ಎಂದು ಮುಗಿಸದೆ, ಅವನ ಕೊನೆಯ ಪ್ರಶ್ನೆಯನ್ನು ಮಕ್ಕಳ ಮುಂದಿಡಿರಿ. ಅವನ ಜತೆಗೆ ಇನ್ನಿಬ್ಬರಿದ್ದರೆ ಕಥೆಯು ಹೇಗೆ ಮುಗಿಯುತ್ತಿದ್ದಿತೆಂದು ಬರೆಯಿಸಿರಿ. ಒಲ್ಲೆನೆಂದ ನಾಲ್ವರು ಹೇಳಿದ ಕಾರಣಗಳಲ್ಲಿ ಯಾವುವು ನಿಜ, ನಿಜವಾದ ಕಾರಣವನ್ನು ಹೇಳಿಯೂ ಸೇವೆ ಮಾಡಬಹುದೇ ಎಂದು ಚರ್ಚಿಸಿರಿ. ತರಗತಿಯಲ್ಲಿ ಯಾವ ಮಗುವು ರಾತ್ರಿ ಎದ್ದು ಯಾರಿಗೆ ನೀರು ಕೊಟ್ಟು ಬಂದಿದೆಯೋ ನಮಗೆ ತಿಳಿಯದು. ಹೇಳಿಕೊಳ್ಳಬಹುದೆಂಬ ಧೈರ್ಯವನ್ನು ಆ ಮಗುವಿಗೆ ಒಂದು ಪಾಠವು ಕೊಟ್ಟರೆ ಸಾಕು.

ವಿದ್ಯಾರ್ಥಿಗಳಿಗೂ ಒಂದು ಮಾತು. ನಿಮ್ಮ ಮನೆಯಲ್ಲಿ ರೋಗಿಗಳಿದ್ದು, ನಿಮ್ಮ ಮೈಯಲ್ಲಿಯೂ ತೊಂದರೆಯಿದ್ದರೆ, ನಿಮ್ಮ ಔಷಧದ ವೇಳೆಯನ್ನೂ ಅನ್ನದ ವೇಳೆಯನ್ನೂ ರೋಗಿಯ ವೇಳೆಯ ಪಕ್ಕದಲ್ಲಿಯೇ ಗೋಡೆಯ ಮೇಲೆ ಬರೆಯಿರಿ. ಅದು ಸ್ವಾರ್ಥವಲ್ಲ. ತನ್ನನ್ನು ಕೈಬಿಟ್ಟವನು ರೋಗಿಯನ್ನೂ ಕೈಬಿಟ್ಟಂತೆ ಎಂದು ಕಾಗಿಣೆಯ ದಡದ ಹಿರಿಯರು ನಂಬಿದ್ದ ಗ್ರಂಥವು ಹೇಳಿದೆ. ಇನ್ನೊಬ್ಬರನ್ನು ಕರೆಯಲು ನಾಚಬೇಡಿರಿ.

ನಮ್ಮ ತಾಯಿಯು ಈಗ ಎಡಗೈಯಿಂದ ತಾವೇ ಲೋಟವನ್ನು ಹಿಡಿಯುವರು. ವಾರದಲ್ಲಿ ಎರಡು ರಾತ್ರಿ ನೆರೆಮನೆಯ ಹೆಣ್ಣುಮಗಳೊಬ್ಬಳು ಬಂದು ಅವರ ಬಳಿ ಮಲಗುವಳು. ಬಾ ಎಂದು ಕೇಳಲು ನಮಗೆ ನಾಲ್ಕು ತಿಂಗಳು ಹಿಡಿಯಿತು. ಒಪ್ಪಲು ಅವಳಿಗೆ ಒಂದು ಗಳಿಗೆಯೂ ಹಿಡಿಯಲಿಲ್ಲ. ಆ ಹುಡುಗನು ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ಅವನ ಹಳೆಯ ಪ್ರಬಂಧವನ್ನು ಕೇಳಿ ತರಿಸಿಕೊಂಡು, ‘ವಿಷಯಾಂತರ’ ಎಂಬ ನಮ್ಮ ಮಾತನ್ನು ಹೊಡೆದುಹಾಕಿ, ‘ಪ್ರಶ್ನೆ ಸರಿಯಾಗಿದೆ’ ಎಂದು ಬರೆದು ಹಿಂದಕ್ಕೆ ಕೊಟ್ಟೆವು. ಅವನು ಅದನ್ನು ಓದಿ ಮಡಿಚಿಟ್ಟುಕೊಂಡು, ಊಟವಾಯಿತೇ ಎಂದು ನಮ್ಮನ್ನು ಕೇಳಿದನು.